ಮೂರನೇ ಒಂದು ಷೇರಿನ ಸಂದರ್ಶನ

ಬೋನಸ್ ಷೇರು ಎಂದರೆ ಕಂಪನಿಯು ತನ್ನ ಮೀಸಲು ನಿಧಿಯನ್ನು ಬಂಡವಾಳಕ್ಕೆ ಸೇರಿಸಿ, ಷೇರುದಾರರಿಗೆ ಅವರವರಲ್ಲಿರುವ ಷೇರುಗಳಿಗೆ ತಕ್ಕಂತೆ ಪುಕ್ಕಟೆ ಕೊಡುವ ಷೇರು. ಭಾಗಾಕಾರ ಸರಿಹೋಗದಿದ್ದಾಗ ಉಳಿಯುವುದು ಚೂರು. ಅಂಥ ಒಂದು ಚೂರನ್ನು, ಬರೋಬ್ಬರಿ ಮೂರನೇ ಒಂದು ಷೇರನ್ನು, ಜಯನಗರ ನಾಲ್ಕನೇ ಬ್ಲಾಕಿನ ದರ್ಶಿನಿಯೊಂದರಲ್ಲಿ ಮಾತಿಗೆ ಎಳೆಯಲಾಯಿತು. ‘ನಾನು’ ಎನ್ನುವ ಹಕ್ಕು ಪೂರ್ಣಾಂಕಗಳಿಗೆ ಮಾತ್ರ ಇರುವುದರಿಂದ ಅದು ತನ್ನ ಬಗ್ಗೆಯೂ ಪ್ರಥಮ ಪುರುಷದಲ್ಲೇ ಮಾತನಾಡಿತು.

ಪ್ರಶ್ನೆ: ಹುಟ್ಟಿದ್ದು ಇಲ್ಲಿಯೇ?

ಚೂರು: ಇಲ್ಲಿ ಚೂರು ಹುಟ್ಟುವುದು ಕಷ್ಟವಿತ್ತು. 1983ರಲ್ಲಿ ಪುಣೆಯಿಂದ ಬಂದು ಜಯನಗರದಲ್ಲಿ ಕಚೇರಿ ತೆರೆದ ಇನ್ಫೋಸಿಸ್ 2004ರಲ್ಲಿ ಒಂದಕ್ಕೆ ಮೂರು, 2014, 2015 ಮತ್ತು 2018ರಲ್ಲಿ ಒಂದಕ್ಕೆ ಒಂದು ಬೋನಸ್ ಕೊಟ್ಟಿತು. ಗುಣಾಕಾರದಲ್ಲಿ ಶೇಷ ಎಲ್ಲಿಂದ ಬರಬೇಕು? ಸರ್ಜಾಪುರ ರಸ್ತೆಯ ವಿಪ್ರೊ 2010ರಲ್ಲಿ ಮೂರಕ್ಕೆ ಎರಡು, 2019ರಲ್ಲಿ ಮೂರಕ್ಕೆ ಒಂದು ಎಂದ ಮೇಲೆ ಚೂರುಗಳ ವಂಶ ಬೆಳೆಯಿತು.

ಪ್ರಶ್ನೆ: ಇಲ್ಲಿ ಕಾಫಿಯನ್ನು ಬೈಟು ಮಾಡುತ್ತಾರೆ. ಷೇರನ್ನು ಬೈತ್ರೀ ಮಾಡಿದರಾಗದೆ?

ಚೂರು: ಕಾಫಿಗೆ ಕೇಳಿದರೆ ಇನ್ನೊಂದು ಲೋಟ ಕೊಡುತ್ತಾರೆ. ಡಿಮ್ಯಾಟ್ ಖಾತೆಯಲ್ಲಿ ಕಂಪನಿ ಷೇರಿಗೆ ಆ ಲೋಟವಿಲ್ಲ. ಮ್ಯೂಚುವಲ್ ಫಂಡಿನ ಯೂನಿಟ್ಟಿಗಾದರೆ ದಶಮಾಂಶದ ಆಚೆಗೂ ಮೂರು ಮನೆಗಳಿವೆ.

ಇಷ್ಟು ಹೇಳಿ ಚೂರು ಬಿಲ್ಲಿನ ಹಿಂಬದಿಯಲ್ಲಿ ಒಂದು ಲೆಕ್ಕ ಬರೆಸಿತು. ಬನಶಂಕರಿಯ ನಿವೃತ್ತ ಮೇಷ್ಟ್ರ ಹತ್ತಿರ 100 ಷೇರು, ಜೆ.ಪಿ. ನಗರದ ಗೃಹಿಣಿಯ ಹತ್ತಿರ 40, ಬಿಟಿಎಂ ಲೇಔಟಿನ ಪಿ.ಜಿ.ಯ ಹುಡುಗನ ಹತ್ತಿರ 10. ಮೂರಕ್ಕೆ ಒಂದರಂತೆ ಒಟ್ಟು 50 ಬೋನಸ್ ಷೇರು. ಮೇಷ್ಟ್ರಿಗೆ 33, ಗೃಹಿಣಿಗೆ 13, ಹುಡುಗನಿಗೆ 3 ಕೊಟ್ಟರೆ 49 ಮುಗಿದು ಒಂದು ಉಳಿಯುತ್ತದೆ. ಅದರಲ್ಲಿ ಮೂವರಿಗೂ ಮೂರನೇ ಒಂದು ಪಾಲು ಬಾಕಿ.

ಪ್ರಶ್ನೆ: ಆ ಒಂದು ಯಾರಿಗೆ?

ಚೂರು: ದೊಡ್ಡ ಶೇಷ ಇದ್ದವರಿಗೆ ಕೊಡಿ ಎಂಬುದು ಅಮೆರಿಕದ ಪ್ರತಿನಿಧಿ ಸಭೆಯ ಸ್ಥಾನಗಳನ್ನು ರಾಜ್ಯಗಳಿಗೆ ಹಂಚಲು ಹ್ಯಾಮಿಲ್ಟನ್ ಹೇಳಿದ ದಾರಿ. ಆ ದಾರಿ ಹಿಡಿದ ಮಸೂದೆಯನ್ನು 1792ರಲ್ಲಿ ಅಧ್ಯಕ್ಷ ವಾಷಿಂಗ್ಟನ್ ಒಪ್ಪದೆ ವಾಪಸು ಕಳಿಸಿದರು. ಒಪ್ಪಿದ್ದರೂ ಇಲ್ಲಿ ಉಪಯೋಗವಿಲ್ಲ, ಮೂವರ ಶೇಷವೂ ಒಂದೇ. ಚೂರು ಸಮವಾದರೂ ಹಸಿವು ಸಮವಲ್ಲ: ಮೇಷ್ಟ್ರಿಗೆ ಬರಬೇಕಾದ್ದರಲ್ಲಿ ಅದು ಶೇಕಡಾ 1, ಹುಡುಗನಿಗೆ ಶೇಕಡಾ 10. ಹಾಗೆಂದು ಹುಡುಗನಿಗೆ ಕೊಟ್ಟರೆ ಅವನಿಗೆ ನೂರಕ್ಕೆ 40ರ ದರದಲ್ಲಿ ಸಿಕ್ಕಂತಾಯಿತು. ಮೇಷ್ಟ್ರಿಗೆ ಕೊಟ್ಟರೆ ಬರೀ 34. ಅನುಪಾತ ಉಳಿಯಬೇಕೆಂದರೆ ಮೇಷ್ಟ್ರು, ಹೊಟ್ಟೆ ನೋಡಿದರೆ ಹುಡುಗ. ಗೃಹಿಣಿಯ ಹೆಸರನ್ನು ಯಾವ ಪಕ್ಷವೂ ಎತ್ತುವುದಿಲ್ಲ.

ಪ್ರಶ್ನೆ: ಎಲ್ಲರಿಗೂ ಒಂದೊಂದು ಪೂರ್ತಿ ಮಾಡಿ ಕೊಟ್ಟುಬಿಟ್ಟರೆ?

ಚೂರು: ಒಂದೇ ಷೇರು ಇದ್ದರೂ ಒಂದು ಬೋನಸ್ ಸಿಗುತ್ತದೆಂದು ಗೊತ್ತಾದ ಕೂಡಲೇ, ಬೋನಸ್ ಯಾರಿಗೆಂದು ಎಣಿಸುವ ರೆಕಾರ್ಡ್ ಡೇಟಿಗೆ ಮುಂಚೆ ಮೇಷ್ಟ್ರ ನೂರು ಷೇರು ಹೆಂಡತಿ, ಸೊಸೆ, ಭಾವಮೈದುನ, ಷಡ್ಡಕರ ಖಾತೆಗಳಿಗೆ ಒಂದೊಂದಾಗಿ ಹೊರಡುತ್ತವೆ. ಆಮೇಲೆ ನೆಂಟರು ಕಡಿಮೆ ಇದ್ದವನೇ ಬಡವ.

ಪ್ರಶ್ನೆ: ಹಾಗಾದರೆ ಕಂಪನಿಗಳು ಮಾಡುವುದೇನು?

ಚೂರು: ಎಲ್ಲರ ಚೂರುಗಳನ್ನು ಕೂಡಿಸಿ ಪೂರ್ತಿ ಷೇರುಗಳನ್ನಾಗಿ ಮಾಡಿ ಟ್ರಸ್ಟಿಯ ಹೆಸರಿಗೆ ಕೊಡುವುದು ರೂಢಿ. ಟ್ರಸ್ಟಿ ಅವನ್ನು ಪೇಟೆಯಲ್ಲಿ ಮಾರಿ, ಖರ್ಚು ಕಳೆದು, ಹಣವನ್ನು ಚೂರುಗಳ ಪ್ರಮಾಣದಲ್ಲಿ ಹಂಚುತ್ತಾರೆ. ಉಳಿದ ಆ ಷೇರು 300 ರೂಪಾಯಿಗೆ ಹೋಯಿತೆನ್ನಿ, ಖರ್ಚು ಹಿಡಿಯದಿದ್ದರೆ ಮೂವರಿಗೂ ನೂರು ನೂರು. ಷೇರು ಯಾರಿಗೂ ಸಿಗಲಿಲ್ಲ, ಆದರೆ ಒಬ್ಬರ ಪಾಲು ಇನ್ನೊಬ್ಬರ ಜೇಬಿಗೂ ಹೋಗಲಿಲ್ಲ.

ಪ್ರಶ್ನೆ: ಹಣ ಬೇಡ, ಷೇರೇ ಬೇಕೆಂದವರು?

ಚೂರು: ರೆಕಾರ್ಡ್ ಡೇಟಿಗೆ ಮುಂಚೆ, ಬೋನಸ್ ಹಕ್ಕು ಇರುವಾಗಲೇ, ಇನ್ನೆರಡು ಷೇರು ಕೊಳ್ಳಬೇಕು. 102, 42, 12 ಮೂರೂ ಮೂರರಿಂದ ಭಾಗವಾಗುತ್ತವೆ. ಆಗ ಚೂರು ಹುಟ್ಟುವುದೇ ಇಲ್ಲ, ಸಂದರ್ಶನವೂ ಇಲ್ಲ.

ಪ್ರಶ್ನೆ: ಬ್ಯಾಂಕ್ ಖಾತೆ ಹಳೆಯದಾಗಿ ಹಣ ಜಮಾ ಆಗದಿದ್ದರೆ?

ಚೂರು: ಏಳು ವರ್ಷ ಯಾರೂ ಕೇಳದಿದ್ದರೆ ಹಣ ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ (ಐಇಪಿಎಫ್) ಹೋಗುತ್ತದೆ. 2013ರ ಕಂಪನಿ ಕಾಯ್ದೆಯ 125ನೇ ಸೆಕ್ಷನ್ ಬೋನಸ್ ಚೂರುಗಳ ಮಾರಾಟದ ಹಣವನ್ನು ಪ್ರತ್ಯೇಕವಾಗಿ ಹೆಸರಿಸಿದೆ. (ಇದನ್ನು ಹೇಳುವಾಗ ಚೂರಿನ ದನಿಯಲ್ಲಿ ಸಣ್ಣ ಹೆಮ್ಮೆಯಿತ್ತು.) ಅಲ್ಲಿಂದಲೂ ಐಇಪಿಎಫ್-5 ಅರ್ಜಿ ಹಾಕಿ ವಾಪಸು ಪಡೆಯಬಹುದು. ನೂರು ರೂಪಾಯಿಗಾಗಿ ಎಷ್ಟು ರೂಪಾಯಿಯ ಜೆರಾಕ್ಸ್ ಮಾಡಿಸಬೇಕು ಎಂಬುದು ಅರ್ಜಿದಾರರಿಗೆ ಬಿಟ್ಟದ್ದು.