4.2 ಗಿಗಾಹರ್ಟ್ಸ್ ಗೃಹಸ್ಥ

ಎರಡು ವರ್ಷದಿಂದ ನಾನು ಮೋಸಹೋಗುತ್ತಿದ್ದೇನೆ ಎಂಬ ಸುದ್ದಿ ತಂದವನು ಪಕ್ಕದ ಮನೆಯ ಹುಡುಗ. ಎಂಜಿನಿಯರಿಂಗ್ ಮೂರನೇ ವರ್ಷ. ಹಾಲ್ ಟಿಕೆಟ್ ಪ್ರಿಂಟ್ ತೆಗೆದುಕೊಳ್ಳಲು ಬಂದವನು ನನ್ನ ಡೆಸ್ಕ್‌ಟಾಪ್ ಮುಂದೆ ಕೂತು, ಏನೋ ಒತ್ತಿ, ಯಾವುದೋ ಗ್ರಾಫ್ ನೋಡಿ, ಸಾವಿನ ಮನೆಯ ಮುಖ ಮಾಡಿದ.

"ಅಂಕಲ್, ನಿಮ್ಮ ರ್ಯಾಮ್ 2133ರಲ್ಲಿ ಓಡ್ತಿದೆ!"

"ಓಡ್ತಿದೆಯಲ್ಲಪ್ಪ, ಸಂತೋಷ."

"ಇದು 3200ರದ್ದು ಅಂಕಲ್. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನೇ ಮಾಡಿಲ್ಲ ನೀವು."

ಎಸ್.ಪಿ. ರೋಡಿನಲ್ಲಿ ಮೂರು ಅಂಗಡಿ ಹತ್ತಿ ಇಳಿದು, ಇನ್ನೂರು ರೂಪಾಯಿ ಚೌಕಾಸಿ ಮಾಡಿ, ಆಟೊದಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದ ಯಂತ್ರ. ಅದರಲ್ಲಿ ನುಡಿ ತಂತ್ರಾಂಶ ಹಾಕಿಕೊಂಡು ವಾರಕ್ಕೊಂದು ಅಂಕಣ ಟೈಪ್ ಮಾಡಿದ್ದೇನೆ, ಕರೆಂಟ್ ಬಿಲ್ ಕಟ್ಟಿದ್ದೇನೆ, ಮದುವೆ ಫೋಟೊ ತುಂಬಿಟ್ಟಿದ್ದೇನೆ. ಒಂದು ದಿನವೂ ನಿಧಾನ ಅನ್ನಿಸಿರಲಿಲ್ಲ. ಹುಡುಗ ಆ ಮಾತು ಹೇಳಿದ ಗಳಿಗೆಯಿಂದ ಎಲ್ಲವೂ ನಿಧಾನವಾಯಿತು. ಕರ್ಸರ್ ಕೂಡ ಬೇಸರದಿಂದ ಕಣ್ಣು ಮಿಟುಕಿಸುತ್ತಿದೆ ಅನ್ನಿಸತೊಡಗಿತು.

ವಿಷಯ ಇಷ್ಟೇ. ಮೆಮೊರಿ ಪಟ್ಟಿಯ ಮೇಲೆ 3200 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದರೂ, ಮದರ್‌ಬೋರ್ಡಿಗೆ ಚುಚ್ಚಿದಾಗ ಅದು ಸುರಕ್ಷಿತವೆನಿಸಿದ 2133ಕ್ಕೋ 2400ಕ್ಕೋ ನಿಂತುಬಿಡುತ್ತದೆ. ಮುದ್ರಿತ ವೇಗ ಬೇಕಿದ್ದರೆ ಯಜಮಾನನೇ ಬಯಾಸ್ ಹೊಕ್ಕು ಎಕ್ಸ್‌ಎಂಪಿ ಎಂಬ ಒಂದು ಸ್ವಿಚ್ ಹಾಕಬೇಕು. ಛತ್ರದವರು ಎಸಿಗೆ ದುಡ್ಡು ಎಣಿಸಿಕೊಂಡು, ಬೀಗರು ಬೆವರು ಒರೆಸಿಕೊಂಡು ಬಂದು ಕೇಳುವವರೆಗೂ ಆನ್ ಮಾಡದಿರುವ ಹಾಗೆ. ಅದೂ ಹೋಗಲಿ, ಈ 3200 ಮೆಗಾಹರ್ಟ್ಸೇ ಅಲ್ಲ. ಗಡಿಯಾರ ಬಡಿಯುವುದು 1600 ಮೆಗಾಹರ್ಟ್ಸ್‌ನಲ್ಲಿ; ಪ್ರತಿ ಬಡಿತದಲ್ಲೂ ಏರುವಾಗೊಮ್ಮೆ ಇಳಿಯುವಾಗೊಮ್ಮೆ ಮಾಹಿತಿ ಸಾಗಿಸುವುದರಿಂದ ಎರಡರಷ್ಟು ಲೆಕ್ಕ. ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇದು ಮೆಮೊರಿಯ ಸೂಪರ್ ಬಿಲ್ಟ್-ಅಪ್ ಏರಿಯಾ.

ಅಂಕಿ ತೋರಿಸಿ ಮರುಳು ಮಾಡುವುದು ಈ ದಂಧೆಯ ಹಳೆಯ ಚಾಳಿ. ತೊಂಬತ್ತರ ದಶಕದ ಕಂಪ್ಯೂಟರ್ ಡಬ್ಬಿಗಳ ಮೇಲೆ ಟರ್ಬೊ ಎಂಬ ಗುಂಡಿಯೂ, ಅದರ ಪಕ್ಕ ಹಸಿರೋ ಕೆಂಪೋ ಬೆಳಕಿನಲ್ಲಿ 66 ಎಂದೋ 33 ಎಂದೋ ಹೊಳೆಯುವ ಅಂಕಿಯೂ ಇರುತ್ತಿತ್ತು. ಗುಂಡಿ ಇದ್ದದ್ದು ಯಂತ್ರದ ವೇಗ ಇಳಿಸುವುದಕ್ಕೆ. ಹಳೆಯ ಆಟಗಳು ಹೊಸ ಯಂತ್ರದಲ್ಲಿ ಹುಚ್ಚೆದ್ದು ಓಡುತ್ತಿದ್ದವು ಎಂದು. ಆ ಹೊಳೆಯುವ ಅಂಕಿಯಂತೂ ಏನನ್ನೂ ಅಳೆಯುತ್ತಿರಲಿಲ್ಲ. ಜೋಡಿಸುವವನು ಹಿಂದೆ ಜಂಪರ್ ಪಿನ್ನು ಸಿಕ್ಕಿಸಿ ತನಗೆ ಬೇಕಾದ ಸಂಖ್ಯೆ ಇಡುತ್ತಿದ್ದ. ಅದನ್ನು ನೋಡಿ ಒಂದು ತಲೆಮಾರು ಪುಳಕಗೊಂಡಿತು. ನಾನೂ ಪುಳಕಗೊಂಡಿದ್ದೆ.

ಎಕ್ಸ್‌ಎಂಪಿ ಆನ್ ಮಾಡಿದೆ. 3200 ಬಂತು. ಅಲ್ಲಿಗೆ ಎದ್ದು ಊಟಕ್ಕೆ ಹೋಗಿದ್ದರೆ ಈ ಅಂಕಣ ಹುಟ್ಟುತ್ತಿರಲಿಲ್ಲ. ಆದರೆ ಬಯಾಸಿನ ಅದೇ ಪುಟದ ಕೆಳಗೆ 3600 ಎಂದೂ ಇತ್ತು.

ಒಂದು ವಾರ ಒದ್ದಾಡಿದೆ. 3200ರಲ್ಲಿ 16 ಇದ್ದ ಸಿಎಲ್ ಎಂಬ ಲೇಟೆನ್ಸಿಯನ್ನು, ಅಂದರೆ ಕಾಯುವ ಬಡಿತಗಳ ಲೆಕ್ಕವನ್ನು, 18ಕ್ಕೆ ಸಡಿಲಿಸಿದ ಮೇಲೆ 3600 ಹಿಡಿದು ನಿಂತಿತು. ಅಂದು ರಾತ್ರಿ, ಮಾಡಬಾರದ ಒಂದು ಕೆಲಸ ಮಾಡಿದೆ: ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿದೆ. 1600 ಮೆಗಾಹರ್ಟ್ಸ್‌ನಲ್ಲಿ 16 ಬಡಿತ ಎಂದರೆ 10 ನ್ಯಾನೊಸೆಕೆಂಡ್. 1800ರಲ್ಲಿ 18 ಬಡಿತ ಎಂದರೆ? ಅದೂ 10 ನ್ಯಾನೊಸೆಕೆಂಡ್. ಸಂಶಯ ಬಂದು ಹಿಂದಕ್ಕೆ ಹೋದೆ. ಇಪ್ಪತ್ತು ವರ್ಷ ಹಿಂದಿನ ಡಿಡಿಆರ್-400, ಸಿಎಲ್ 2: ಹತ್ತು. ಮುಂದಕ್ಕೆ ಹೋದೆ. ಇವತ್ತು ಅಂಗಡಿಯವನು ಗಾಜಿನ ಕಪಾಟಿನಿಂದ ತೆಗೆದು ತೋರಿಸುವ ಡಿಡಿಆರ್5-6000, ಸಿಎಲ್ 30: ಹತ್ತು. ಸೆಕೆಂಡಿಗೆ ಹೊರುವ ಹೊರೆ ಹದಿನೈದು ಪಟ್ಟು ಹೆಚ್ಚಿದೆ, ಸುಳ್ಳಲ್ಲ. ಆದರೆ ಕೇಳಿದ ಮೊದಲ ಅಕ್ಷರ ಕೈಗೆ ಬರಲು ಕಾಯುವ ಹೊತ್ತು ಇದ್ದಲ್ಲೇ ಇದೆ. ತಾಲ್ಲೂಕು ಕಚೇರಿಯಲ್ಲಿ ಕೌಂಟರ್ ಒಂದಿದ್ದದ್ದು ಎಂಟಾಗಿದೆ, ಟೋಕನ್ ಯಂತ್ರ ಬಂದಿದೆ, ಗೋಡೆಗೆ ಟಿವಿ ಹಾಕಿದ್ದಾರೆ. ಪಹಣಿ ಬೇಕೆಂದು ಹೋದ ನಮ್ಮಪ್ಪ ಎಷ್ಟು ಹೊತ್ತು ಕೂರುತ್ತಿದ್ದರೋ ನಾನೂ ಅಷ್ಟೇ ಹೊತ್ತು ಕೂರುತ್ತೇನೆ.

ತಿಳಿದ ಮೇಲೆ ಬುದ್ಧಿ ಬರಬೇಕಿತ್ತು. ಬಂದದ್ದು ಹಟ. ಮೆಮೊರಿ ಕೈಕೊಟ್ಟರೆ ಪ್ರೊಸೆಸರ್ ಇದೆಯಲ್ಲ!

ನನ್ನದರ ಡಬ್ಬಿಯ ಮೇಲೆ 3.6 ಗಿಗಾಹರ್ಟ್ಸ್, ಬೂಸ್ಟ್ 4.2 ಎಂದಿತ್ತು. ಆರೂ ಕೋರು ಒಟ್ಟಿಗೆ ದುಡಿಯುವಾಗ 4ರ ಆಸುಪಾಸಿನಲ್ಲಿ ಉಸಿರು ಬಿಡುತ್ತಿತ್ತು. ಆರಕ್ಕೂ 4.2 ಕೊಡಿಸಿಯೇ ತೀರುತ್ತೇನೆಂದು ಕುಳಿತೆ. ವೋಲ್ಟೇಜನ್ನು 1.25ರಿಂದ ಒಂದೊಂದೇ ಮೆಟ್ಟಿಲು ಏರಿಸುತ್ತ 1.4 ಮುಟ್ಟಿಸಿದೆ. ಇಲ್ಲೊಂದು ಕ್ರೂರ ಸೂತ್ರವಿದೆ: ಶಾಖ ವೇಗದ ಜೊತೆ ನೇರವಾಗಿ ಏರಿದರೆ, ವೋಲ್ಟೇಜಿನ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ನೂರಕ್ಕೆ ಐದು ವೇಗ ಪಡೆದದ್ದಕ್ಕೆ ನೂರಕ್ಕೆ ಮೂವತ್ತು ಶಾಖ ತೆತ್ತೆ. ಮೀಟರ್ ಬಡ್ಡಿಯವರೂ ನಾಚಬೇಕು. ಆಮೇಲೆ ಕೂಲರ್ ಕೊಂಡೆ. ಕೂಲರಿಗೆ ಡಬ್ಬಿ ಸಣ್ಣದಾಯಿತು, ಡಬ್ಬಿ ಕೊಂಡೆ. ಥರ್ಮಲ್ ಪೇಸ್ಟನ್ನು ಚಿಪ್ಪಿನ ಮೇಲೆ ಉದ್ದ ನಾಮ ಎಳೆಯಬೇಕೋ, ಅಡ್ಡ ವಿಭೂತಿ ಬಳಿಯಬೇಕೋ, ನಡುವೆ ಬಟಾಣಿಯಷ್ಟು ಬೊಟ್ಟಿಡಬೇಕೋ ಎಂದು ಹುಡುಗನೂ ನಾನೂ ಒಂದು ಸಂಜೆ ಮತತ್ರಯ ವಿಚಾರ ಮಾಡಿದೆವು. ಕೂಲರ್ ಒತ್ತಿದೊಡನೆ ಮೂರೂ ಕಲಸಿ ಒಂದಾಗುತ್ತವೆ.

ಇನ್ನು ಪರೀಕ್ಷೆ. ಇದಕ್ಕೆಂದೇ ಪ್ರೈಮ್95 ಎಂಬ ತಂತ್ರಾಂಶವಿದೆ. ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು 1996ರಲ್ಲಿ ಶುರುವಾದ ಸ್ವಯಂಸೇವಕರ ಯೋಜನೆಯದು. ಅದೇ ಹುಡುಕಾಟ 2024ರಲ್ಲಿ 4,10,24,320 ಅಂಕಿಗಳಷ್ಟು ಉದ್ದದ ಒಂದು ಸಂಖ್ಯೆಯನ್ನು ಕಂಡುಹಿಡಿಯಿತು. ಗಣಿತದವರು ಹೊತ್ತಿಸಿದ ಆ ಒಲೆಯಲ್ಲಿ ನನ್ನಂಥವರು ಚಿಪ್ಪು ಹುರಿಯುತ್ತೇವೆ, ಸೀಯುತ್ತದೋ ಇಲ್ಲವೋ ನೋಡೋಣ ಎಂದು. ಹಗಲು ಪ್ರೈಮ್95, ರಾತ್ರಿ ಮೆಮ್‌ಟೆಸ್ಟ್. ಮೂರು ವಾರ ನನ್ನ ಕಂಪ್ಯೂಟರ್ ಒಂದು ಸಾಲನ್ನೂ ಟೈಪ್ ಮಾಡಲಿಲ್ಲ. ತಾನು ಕೆಲಸ ಮಾಡಬಲ್ಲೆ ಎಂದು ಸಾಬೀತುಪಡಿಸುವುದರಲ್ಲೇ ಮುಳುಗಿತ್ತು. ಅಂಕಣವನ್ನು ಕೈಯಲ್ಲಿ ಬರೆದು ಫೋಟೊ ತೆಗೆದು ಕಳಿಸಿದೆ. ಏಪ್ರಿಲ್ ಸೆಕೆಯಲ್ಲಿ ಫ್ಯಾನುಗಳು ಹಿಟ್ಟಿನ ಗಿರಣಿಯಂತೆ ಮೊರೆದವು. ಮನೆಯಾಕೆ ಬಾಗಿಲಲ್ಲಿ ನಿಂತು, "ರೀ, ಹೇಗೂ ಬಿಸಿಯಾಗ್ತಿದೆಯಲ್ಲ, ಹಪ್ಪಳ ಅದರ ಮೇಲಿಡ್ಲಾ?" ಅಂದಳು.

ಚಟ ನನ್ನೊಬ್ಬನದೇ ಎಂದುಕೊಳ್ಳಬೇಡಿ. 2011ರಲ್ಲಿ ಎಎಂಡಿಯ ಒಂದು ಚಿಪ್ಪಿಗೆ ದ್ರವ ಹೀಲಿಯಂ ಸುರಿದು 8.429 ಗಿಗಾಹರ್ಟ್ಸ್ ಮುಟ್ಟಿಸಿ ದಾಖಲೆ ಬರೆಸಿದರು. ಅದರಲ್ಲಿ ಯಾರೂ ರಜೆ ಚೀಟಿ ಟೈಪ್ ಮಾಡಲಿಲ್ಲ. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ದುಬಾರಿ ಡೆಸ್ಕ್‌ಟಾಪ್ ಚಿಪ್ಪುಗಳು ಸಾಲುಸಾಲಾಗಿ ಕುಸಿದಾಗ, ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜನ್ನು ಚಿಪ್ಪಿನ ಮೈಕ್ರೊಕೋಡೇ ಕೇಳಿ ಪಡೆಯುತ್ತಿತ್ತು ಎಂದು ಕಂಪನಿಯೇ ಹೇಳಿ, ವಾರಂಟಿಯನ್ನು ಎರಡು ವರ್ಷ ಹಿಗ್ಗಿಸಿತು. ಬಯಾಸಿಗೆ ಕೈಹಾಕದೆ ಸುಮ್ಮನಿದ್ದವರಿಗೂ ಕಾರ್ಖಾನೆಯಿಂದಲೇ ಜ್ವರ ಸರಬರಾಜು.

ಇಷ್ಟೆಲ್ಲ ಆಗಿ ಹುಡುಗ ಒಂದು ದಿನ ಗ್ರಾಫ್ ನೋಡುತ್ತ ತಣ್ಣಗೆ ಹೇಳಿದ: "ಅಂಕಲ್, ಟೈಪಿಂಗ್‌ಗೆ ಒಂದು ಕೋರ್ ಸಾಕು. ಒಂದೇ ಕೋರ್ ಕೆಲಸ ಮಾಡುವಾಗ ಇದು ಮೊದಲಿಂದಲೂ ತಾನಾಗೇ 4.2ಕ್ಕೆ ಹೋಗ್ತಿತ್ತು."

ನಾನು ಮಾತಾಡಲಿಲ್ಲ. ಹಳೆಯ ಡಬ್ಬಿಯ ಫ್ಯಾನಿಗೆ ಪೇಂಟ್ ಬ್ರಶ್ ಹಿಡಿದು ಧೂಳು ಕೊಡವಿದಾಗ ಎಂಟು ಡಿಗ್ರಿ ಇಳಿದಿತ್ತಲ್ಲ, ಅದು ನೆನಪಾಯಿತು. ಮೂವತ್ತು ರೂಪಾಯಿಯ ಬ್ರಶ್ಶು. ಅದನ್ನು ನಾನು ಯಾರಿಗೂ ಹೇಳಿಕೊಂಡಿರಲಿಲ್ಲ. ಕಸ ಗುಡಿಸಿದೆ ಎಂದು ಗಂಡಸು ಯಾರ ಮುಂದೆ ಮೀಸೆ ತಿರುವಲಾದೀತು?

ಮೆಮೊರಿ ಕೆಡುವಾಗ ಸದ್ದು ಮಾಡುವುದಿಲ್ಲ. ನೀಲಿ ಪರದೆ ಬಂದರೆ ಪುಣ್ಯ. ಬಾರದಿದ್ದರೆ ಎಲ್ಲೋ ಒಂದು ಬಿಟ್ ಸೊನ್ನೆಯಿದ್ದದ್ದು ಒಂದಾಗಿ, ನಕಲಾಗುವ ಕಡತದೊಳಗೆ ಹೋಗಿ ಕೂರುತ್ತದೆ. ನನ್ನದು ಕೂತದ್ದು ಮದುವೆ ಫೋಟೊಗಳಲ್ಲಿ. ಹೊಸ ಡಿಸ್ಕಿಗೆ ನಕಲು ಮಾಡಿ ಹಳೆಯದನ್ನು ಅಳಿಸಿದ ಮೇಲೆ ತೆರೆದರೆ, ಕೆಲವು ಚಿತ್ರಗಳು ಅರ್ಧದಿಂದ ಕೆಳಗೆ ಬೂದುಬಣ್ಣ. ಧಾರೆ ಎರೆಯುತ್ತಿದ್ದ ಮಾವನವರು ಸೊಂಟದವರೆಗೆ ಮಾತ್ರ ಉಳಿದಿದ್ದರು. ಧಾರೆಯ ನೀರು ಎಲ್ಲಿಗೆ ಬೀಳುತ್ತಿದೆ ಎಂದು ಗೊತ್ತಾಗುವಂತಿರಲಿಲ್ಲ. ಇದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ. ಆಕೆ ಈ ಅಂಕಣ ಓದುವುದಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಕೊನೆಗೊಂದು ಬೆಳಗ್ಗೆ ಪರದೆಯೇ ಬರಲಿಲ್ಲ. ಫ್ಯಾನು ತಿರುಗುತ್ತದೆ, ದೀಪ ಉರಿಯುತ್ತದೆ, ಎದುರಿಗೆ ಕತ್ತಲು. ಮದರ್‌ಬೋರ್ಡಿನ ಬಟನ್ ಸೆಲ್ ತೆಗೆದು ಐದು ನಿಮಿಷ ಬಿಟ್ಟು ಹಾಕಿದರೆ ಎಲ್ಲ ಮರೆತು ಮೊದಲಿನಂತಾಗುತ್ತದೆ ಎಂದು ಹುಡುಗ ಫೋನಿನಲ್ಲಿ ಹೇಳಿದ. ಸ್ಕ್ರೂಡ್ರೈವರ್ ತುದಿಯಿಂದ ಎಬ್ಬಿದೆ. ಸೆಲ್ಲು ಚಿಮ್ಮಿ ಗಾಡ್ರೇಜ್ ಬೀರುವಿನ ಕೆಳಗೆ ಹೋಯಿತು. ಬೀರು ಸರಿಸುವ ಶಕ್ತಿ ನನಗಿರಲಿಲ್ಲ. ಸಿಆರ್ 2032. ಅದೇ ನಂಬರಿನ ಇನ್ನೊಂದು ಸೆಲ್ಲು ಮನೆಯಲ್ಲಿ ಎಲ್ಲಿದೆ ಎಂದು ಯೋಚಿಸಿ, ಸದ್ದಾಗದಂತೆ ತಂದು ಹಾಕಿದೆ.

ಪರದೆ ಬಂತು. ರ್ಯಾಮ್ 2133. ನುಡಿ ತೆರೆದು ಈ ಅಂಕಣದ ಮೊದಲ ಸಾಲು ಕುಟ್ಟುವಷ್ಟರಲ್ಲಿ ಅಡುಗೆಮನೆಯಿಂದ ಕೂಗು.

"ರೀ, ತೂಕದ ಮಷಿನ್ ಆನ್ ಆಗ್ತಿಲ್ಲ. ನೀವೇನಾದ್ರೂ ಮುಟ್ಟಿದ್ರಾ?"

"ಇಲ್ವಲ್ಲ."

ಸ್ವಲ್ಪ ಹೊತ್ತು ಮೌನ.

"ಮೈಸೂರು ಪಾಕಿಗೆ ಕಡಲೆಹಿಟ್ಟು ಅಳೀಬೇಕು. ಅತ್ತೆಯವರ ಪಾವು ಅಟ್ಟದ ಮೇಲಿದೆ. ಬಂದು ಇಳಿಸಿಕೊಡಿ."

ಸ್ಟೂಲ್ ಹುಡುಕಿಕೊಂಡು ಹೊರಟೆ.