ಸುಟ್ಟ ಗಾಯದ ಸಮಸ್ತ ತಜ್ಞರಿಗೆ ತಡಸದಿಂದ ಒಂದು ಬಹಿರಂಗ ಪತ್ರ

ಹಿರಿಯರಿಗೆ, ಬೀಗರಿಗೆ, ನೆರೆಮನೆಯ ಕಾಕಾ ಕಾಕೂಗಳಿಗೆ, ಹಾಗೂ ಗದ್ದಲ ಕೇಳಿ ಚಪ್ಪಲಿ ಸಮೇತ ಒಳಗೇ ಬಂದ ಇತರ ಹಿತೈಷಿಗಳಿಗೆ,

ಕೂಸಿನ ತಾಯಿ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ. ಕೂಸೂ ಕ್ಷೇಮ. ನೀವೆಲ್ಲ ಅಷ್ಟು ಶ್ರಮಪಟ್ಟ ಮೇಲೂ ಅದು ಹೇಗೆ ಕ್ಷೇಮವಾಗಿದೆ ಎಂದು ನಿಮಗೆ ಆಶ್ಚರ್ಯವಾಗಬಹುದು. ಅದಕ್ಕೇ ಈ ಪತ್ರ.

ಆವತ್ತು ಭಾನುವಾರ. ಹುಬ್ಬಳ್ಳಿ ಬಸ್ಸಿಗೆ ಬೀಗರು ಬಂದಿಳಿದಿದ್ದರು. ನಾನು ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಪಡಸಾಲೆಯಲ್ಲಿ ಚಾಪೆ, ಚಾಪೆಯ ಮೇಲೆ ಚಾದ ಟ್ರೇ, ಸುತ್ತಲೂ ಏಳೆಂಟು ಮಂದಿ ದೊಡ್ಡವರು. ಗೋವಿನಜೋಳದ ರೇಟು, ಮೆಣಸಿನಕಾಯಿ ರೇಟು, ಯಾರದೋ ಮಗನಿಗೆ ಕನ್ಯಾ ಸಿಗದ ವಿಚಾರ ನಡೆದಿತ್ತು. ಒಂದೂವರೆ ವರ್ಷದ ಕೂಸಿಗೆ ಇದರಲ್ಲಿ ಯಾವುದೂ ರುಚಿಸಲಿಲ್ಲ. ಅದಕ್ಕೆ ಹೊಳೆಯುವ ಸ್ಟೀಲ್ ಲೋಟ ಬೇಕಾಗಿತ್ತು. ಹೋಗಿ ಹಿಡಿದು ಎಳೆಯಿತು. ಕುದಿಕುದಿ ಚಾ ಎದೆಯ ಮೇಲಿಂದ ಎಡಗೈಗೆ ಇಳಿಯಿತು.

ಮುಂದಿನದು ನಿಮ್ಮ ಪಾಂಡಿತ್ಯದ ಪ್ರದರ್ಶನ. ಆಗ ಹೊಗಳಲು ಪುರಸೊತ್ತು ಇರಲಿಲ್ಲ, ಈಗ ಹೊಗಳುತ್ತೇನೆ.

ಕೂಸನ್ನು ಎತ್ತಿಕೊಂಡು ನಾನು ಬಚ್ಚಲಿನ ನಳದ ಕಡೆ ಓಡಿದೆ. ಬಾಗಿಲಿಗೇ ಅಡ್ಡ ನಿಂತವರು ಯಾರೆಂದು ಹೆಸರು ಹೇಳುವುದಿಲ್ಲ, ವಯಸ್ಸಿನಲ್ಲಿ ದೊಡ್ಡವರು. “ನೀರ ಹಾಕಬ್ಯಾಡವಾ, ಬೊಬ್ಬಿ ಏಳತಾವ!” ಉಳಿದವರೆಲ್ಲ ಹೌದೌದು ಎಂದರು. ಚಾದ ರುಚಿಯ ಬಗ್ಗೆ ಕೂಡ ಒಮ್ಮತಕ್ಕೆ ಬಾರದ ಮಂದಿ, ನೀರಿನ ವಿರುದ್ಧ ಒಂದೇ ಗಳಿಗೆಯಲ್ಲಿ ಒಂದಾದಿರಿ.

ಆಮೇಲೆ ಶುರುವಾಯಿತು. ಒಬ್ಬರು ಹಲ್ಲುಜ್ಜುವ ಪೇಸ್ಟ್ ತಂದು ಎದೆಗೆ ಮೆತ್ತಿದರು. ಗೋಡೆಗೆ ಸುಣ್ಣ ಬಳಿಯುವವರೂ ಅಷ್ಟು ದಪ್ಪ ಬಳಿಯುವುದಿಲ್ಲ. ಇನ್ನೊಬ್ಬರು ತಮ್ಮ ಕಾಲದಲ್ಲಿ ಶಾಯಿ ಹಾಕುತ್ತಿದ್ದರೆಂದು ನೆನಪಿಸಿದರು. ಶಾಯಿ ಈಗ ಯಾರ ಮನೆಯಲ್ಲೂ ಇಲ್ಲದ್ದು ನಮ್ಮ ಪುಣ್ಯ. ಮೂರನೆಯವರು ಪೇಸ್ಟಿನ ಪಕ್ಕದಲ್ಲಿ ಕೊಬ್ಬರಿ ಎಣ್ಣೆ ಸವರಿದರು. ನಾಲ್ಕನೆಯವರಿಗೆ ಇದೆಲ್ಲ ದೃಷ್ಟಿ ತಾಗಿದ್ದು ಎಂಬುದರಲ್ಲಿ ಸಂಶಯವೇ ಇರಲಿಲ್ಲ. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಅಳುತ್ತಿದ್ದ ಕೂಸು ಈಗ ಕೆಮ್ಮತೊಡಗಿತು. ನಮ್ಮ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಬಣ್ಣ ಜಾಸ್ತಿ, ಖಾರ ಕಡಿಮೆ ಎಂಬುದೇ ಅದರ ಹೆಗ್ಗಳಿಕೆ. ನಿಮ್ಮ ಸಲಹೆಗಳಿಗೂ ಇಂಥದೊಂದು ಮಾನ್ಯತೆ ಸಿಗಬೇಕೆಂದು ನನ್ನ ಆಸೆ.

ದವಾಖಾನೆಯಲ್ಲಿ ನರ್ಸಕ್ಕ ಕೂಸನ್ನು ನೋಡಿ ಕೇಳಿದ ಮೊದಲ ಮಾತು, “ಏನೇನ ಹಚ್ಚೀರಿ?” ಎಂಬುದು. ನಾನು ಪಟ್ಟಿ ಹೇಳಿದೆ. ಆಕೆ ಮಾತಾಡಲಿಲ್ಲ. ನೀರಿನಲ್ಲಿ ಹತ್ತಿಬಟ್ಟೆ ಅದ್ದಿ, ಒಣಗಿ ಹೊಪ್ಪಳಿಕೆಯಾಗಿದ್ದ ಪೇಸ್ಟನ್ನು ಚೂರುಚೂರೇ ಎಬ್ಬಿಸತೊಡಗಿದಳು. ಬಿಳಿ ಪದರಿನ ಕೆಳಗೆ ಗುಳ್ಳೆಗಳಿದ್ದವು. ನೀರು ಮುಟ್ಟಿಸದೇ ಇದ್ದರೂ ಎದ್ದಿದ್ದವು. ಒಂದು ಕಡೆ ಪೇಸ್ಟಿನ ಜೊತೆ ತೆಳ್ಳನೆಯ ಚರ್ಮವೂ ಎದ್ದು ಬಂತು. ಚಾ ಬಿದ್ದಾಗ ಅತ್ತದ್ದಕ್ಕಿಂತ ಹೆಚ್ಚಾಗಿ ಕೂಸು ಆಗ ಅತ್ತಿತು. ಪೇಸ್ಟ್ ಹಚ್ಚಿದವರು ಆ ಹೊತ್ತಿಗೆ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದರು. ರೊಟ್ಟಿ ತಣ್ಣಗಾಗಿದ್ದವು ಎಂದು ಆಮೇಲೆ ಕೇಳಿಬಂತು. ಕ್ಷಮೆ ಇರಲಿ.

ಗಾಯ ತೆರೆದ ಮೇಲೆ ಡಾಕ್ಟರು ಕೂಸಿನದೇ ಅಂಗೈ ಲೆಕ್ಕದಲ್ಲಿ ಅದನ್ನು ಅಳೆದರು. ಬೆರಳೂ ಸೇರಿ ಒಂದು ಅಂಗೈ ಎಂದರೆ ಮೈಯ ಚರ್ಮದಲ್ಲಿ ಸುಮಾರು ನೂರಕ್ಕೆ ಒಂದು ಭಾಗ. ಮಕ್ಕಳಲ್ಲಿ ಹತ್ತು ಅಂಗೈ ದಾಟಿದರೆ ಸಾಮಾನ್ಯವಾಗಿ ಸಲಾಯಿನ್ ಹಚ್ಚಬೇಕಾಗುತ್ತದಂತೆ. ನಮ್ಮದು ನಾಲ್ಕಕ್ಕೆ ನಿಂತಿತ್ತು. ಪೇಸ್ಟ್ ಮೆತ್ತಿದ್ದರೆ ಈ ಅಳತೆಯೂ ಸಿಗುವುದಿಲ್ಲ, ಎಷ್ಟು ಆಳ ಸುಟ್ಟಿದೆ ಎಂಬುದೂ ಕಾಣುವುದಿಲ್ಲ. ಅದು ತಣ್ಣಗೆ ಅನಿಸುವುದು ಅದರೊಳಗಿನ ಪುದೀನಾದ ಗುಣದಿಂದ. ಒಳಗಿನ ಬಿಸಿ ಹಾಗೇ ಇರುತ್ತದೆ.

ನೀರಿನ ಮೇಲೆ ನಿಮಗೆ ಯಾಕಿಷ್ಟು ಸಿಟ್ಟೋ ನನಗೆ ತಿಳಿದಿಲ್ಲ. ಚಾ ಚೆಲ್ಲಿ ಮುಗಿದರೂ ಸುಡುವುದು ಮುಗಿದಿರುವುದಿಲ್ಲ. ಚರ್ಮದೊಳಗೆ ಹೊಕ್ಕ ಬಿಸಿ ಕೆಳಗಿಳಿಯುತ್ತಲೇ ಇರುತ್ತದೆ. ಗುಳ್ಳೆ ಎಬ್ಬಿಸುವುದು ಆ ಬಿಸಿ. ಅದನ್ನು ಎಳೆದು ಹೊರಗೆ ಹಾಕುವುದೇ ನೀರಿನ ಕೆಲಸ. ಹರಿಯುವ ತಣ್ಣೀರು 20 ನಿಮಿಷ, ಐಸ್ ಮಾತ್ರ ಬೇಡ. ಸುಟ್ಟು ಮೂರು ತಾಸಿನೊಳಗೆ ಯಾವಾಗ ಹಾಕಿದರೂ ಉಪಯೋಗವಿದೆ. ನಮ್ಮೂರ ಕಡೆ ನಳ ದಿನಾ ಬರುವುದಿಲ್ಲ ಎನ್ನುತ್ತೀರಿ, ಒಪ್ಪಿದೆ. ಕೊಡದ ನೀರನ್ನು ತಂಬಿಗೆಯಿಂದ ನಿಧಾನ ಸುರಿಯುತ್ತ ಹೋಗಿ. ಚಾ ಕುಡಿದ ಅಂಗಿಯನ್ನು ಬಿಚ್ಚಿ, ಅದು ಬಿಸಿಯನ್ನು ಮೈಗೇ ಹಿಡಿದಿರುತ್ತದೆ. ಆದರೆ ಚರ್ಮಕ್ಕೆ ಅಂಟಿದ್ದನ್ನು ಕೀಳಬೇಡಿ. ಕೈ ಬಾಯುವ ಮೊದಲೇ ಬೆಳ್ಳಿ ಕಡಗ ತೆಗೆಯಿರಿ. ಉಳಿದ ಮೈಯನ್ನು ಬೆಚ್ಚಗಿಡಿ, ಗಾಯದ ಮೇಲೆ ಒಗೆದ ಬಟ್ಟೆ ಸಡಿಲಾಗಿ ಮುಚ್ಚಿ. 108 ಆಂಬುಲೆನ್ಸ್ ಕರ್ನಾಟಕದಲ್ಲಿ 2008ರಿಂದ ಓಡಾಡುತ್ತಿದೆ, ಅದಕ್ಕೊಂದು ಫೋನ್ ಮಾಡಿ. ಇದರಲ್ಲಿ ಖರ್ಚಿನ ಬಾಬ್ತು ಯಾವುದಿದೆ?

ಭಾರತದಲ್ಲಿ ಪ್ರತಿ ವರ್ಷ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಾಧಾರಣದಿಂದ ತೀವ್ರ ಮಟ್ಟದವರೆಗೆ ಸುಟ್ಟುಕೊಳ್ಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮಂಥ ತಜ್ಞರಿಗೆ ಕೆಲಸದ ಕೊರತೆ ಬರಲಾರದು.

ಇನ್ನೊಂದು ಪ್ರಶ್ನೆಗೆ ಉತ್ತರ ಬಾಕಿ ಇದೆ. ದವಾಖಾನೆಯಿಂದ ಬಂದ ಕೂಡಲೇ ಎಲ್ಲರೂ ಸರದಿಯ ಮೇಲೆ ಕೇಳಿದಿರಿ, “ನೀ ಏನ ಮಾಡಾಕತ್ತಿದ್ದಿ? ತಾಯಿ ಆದಾಕಿಗೆ ಲಕ್ಷ್ಯ ಬ್ಯಾಡೇನು?” ನಿಮಗೆ ರೊಟ್ಟಿ ಬಡಿಯುತ್ತಿದ್ದೆ. ಕೂಸಿನ ಅಪ್ಪ ಟ್ರೇಯಿಂದ ಒಂದು ಮೊಳ ದೂರದಲ್ಲಿ ಮೊಬೈಲ್ ನೋಡುತ್ತ ಕೂತಿದ್ದರು. ಅವರನ್ನು ಒಬ್ಬರೂ ಕೇಳಲಿಲ್ಲ. ಅವರಿಗೆ ಬೇಜಾರಾಗಿದೆಯೆಂದು ಇನ್ನೊಂದು ಕಪ್ಪು ಚಾ ಮಾಡಿಕೊಡಲು ನನಗೇ ಹೇಳಿದಿರಿ.

ಕೂಸಿನ ಗಾಯ ಎರಡು ವಾರದಲ್ಲಿ ಮಾಯಿತು. ಪೇಸ್ಟಿನ ಜೊತೆ ಚರ್ಮ ಎದ್ದಿದ್ದ ಜಾಗದಲ್ಲಿ ಸಣ್ಣ ಕಲೆ ಉಳಿದಿದೆ.

ಮುಂದಿನ ಹಬ್ಬಕ್ಕೆ ಎಲ್ಲರೂ ತಪ್ಪದೆ ಬರಬೇಕು. ಕೆಲವು ಬದಲಾವಣೆ ಮಾಡಿಕೊಂಡಿದ್ದೇವೆ. ಲೋಟಕ್ಕೆ ಸುರಿದ 15 ನಿಮಿಷದ ಮೇಲೂ ಚಾ ಕೂಸಿನ ಚರ್ಮ ಸುಡಬಲ್ಲದು ಎಂದು ಡಾಕ್ಟರು ಹೇಳಿದ್ದರಿಂದ ಟ್ರೇ ಇನ್ನು ಚಾಪೆಗೆ ಇಳಿಯುವುದಿಲ್ಲ. ತೊಡೆಯ ಮೇಲೆ ಕೂಸಿದ್ದವರ ಕೈಗೆ ಲೋಟ ಸಿಗುವುದಿಲ್ಲ. ಚಾ ಹೊತ್ತಿಗೆ ಕೂಸನ್ನು ಎತ್ತಿಕೊಳ್ಳುವ ಜವಾಬ್ದಾರಿ ಅದರ ಅಪ್ಪನದು, ಮೊಬೈಲ್ ನನ್ನ ಹತ್ತಿರ. ಇಷ್ಟರ ಮೇಲೂ ಏನಾದರೂ ಆದರೆ ದಯವಿಟ್ಟು ಒಬ್ಬರು ನೀರು ಸುರಿಯಿರಿ, ಒಬ್ಬರು ಫೋನ್ ಮಾಡಿ. ಉಳಿದವರು ಕಟ್ಟೆಯ ಮೇಲೆ ಕೂತು ಗೋವಿನಜೋಳದ ರೇಟು ಮುಂದುವರಿಸಬೇಕಾಗಿ ವಿನಂತಿ.

ಇಂತಿ ನಿಮ್ಮ ವಿಧೇಯಳು,
ಕೂಸಿನ ತಾಯಿ
ತಡಸ