ಮೂಗು ಯಾರದು?

ನಾಲ್ಕು ಮಕ್ಕಳು ಹುಟ್ಟಿದ ಮನೆಯಲ್ಲಿ ಒಬ್ಬ ಹೋಲಿಕೆ ಅತ್ತೆ ಇದ್ದೇ ಇರುತ್ತಾರೆ. ಪುರೋಹಿತರು ಹೆಸರಿಡುವ ಮೊದಲೇ ಇವರು ಕೂಸಿನ ಅಂಗಾಂಗಗಳನ್ನು ಪಾಲು ಮಾಡಿ ಮುಗಿಸಿರುತ್ತಾರೆ. ನೀಳ ಮೂಗು, ಬುದ್ಧಿ, ಗುಂಗುರು ಕೂದಲು ‘ನಮ್ಮ ಕಡೆಯದು’. ಹಠ, ಸದಾ ಸುರಿಯುವ ಸಿಂಬಳ ‘ಆ ಕಡೆಯದು’. ಆ ಕಡೆ ಎಂದರೆ ಸೊಸೆಯ ತವರು ಅಂತ ಬಿಡಿಸಿ ಹೇಳಬೇಕಿಲ್ಲ.

ನನ್ನ ಸೋದರತ್ತೆಯದು ಈ ವಿದ್ಯೆಯಲ್ಲಿ ಎತ್ತಿದ ಕೈ. ತಮ್ಮನ ಮಗಳಿಗೆ ಕಿವಿ ಚುಚ್ಚಿಸಿದ ದಿನ, ಅವಳ ಬೆಕ್ಕಿನ ಕಣ್ಣಿನ ಪ್ರಶ್ನೆ ಎದ್ದಿತು. ಅಪ್ಪ ಅಮ್ಮ ಇಬ್ಬರದೂ ಕಡುಗಪ್ಪು ಕಣ್ಣು. “ನಮ್ಮಲ್ಲಿ ಯಾರಿಗೂ ಇಲ್ಲಪ್ಪ” ಎಂದರು ಬೀಗಿತ್ತಿ. ಬಿ.ಎಸ್ಸಿ. ಓದಿದವನು ಸುಮ್ಮನಿರಬಹುದಿತ್ತು. ನಾನು ಮೆಂಡೆಲನನ್ನು ಎಳೆದು ತಂದೆ. ಬ್ರನೋ ಊರಿನ ಮಠದಲ್ಲಿದ್ದ ಸನ್ಯಾಸಿ, 1856ರಿಂದ 1863ರವರೆಗೆ ಬಟಾಣಿ ಬೆಳೆದ. ಗುಂಡು ಕಾಳಿನ ತಳಿಗೂ ಸುಕ್ಕು ಕಾಳಿನ ತಳಿಗೂ ಸಂಬಂಧ ಬೆಳೆಸಿದರೆ ಮೊದಲ ಪೀಳಿಗೆಯೆಲ್ಲ ಗುಂಡು. ಅವನ್ನೇ ಬಿತ್ತಿದಾಗ 5,474 ಗುಂಡು, 1,850 ಸುಕ್ಕು! ಸುಕ್ಕಿನ ಗುಣ ಸತ್ತಿರಲಿಲ್ಲ, ಪ್ರಬಲ ಗುಣದ ಮುಂದೆ ಬಾಯಿ ಮುಚ್ಚಿಕೊಂಡಿತ್ತು ಅಷ್ಟೆ.

“ಇಷ್ಟು ತಿಳಿಯೋಕೆ ಅಷ್ಟೊಂದು ಬಟಾಣಿ ಹಾಳು ಮಾಡಿದನೇನೋ?” ಎಂದರು ಅತ್ತೆ. “ನಮ್ಮಜ್ಜಿಗಿತ್ತು ಬೆಕ್ಕಿನ ಕಣ್ಣು. ನಮ್ಮಪ್ಪ, ನಮ್ಮಣ್ಣ, ನಿನ್ನ ತಮ್ಮ ಮೂವರನ್ನೂ ಹಾರಿ ಇಲ್ಲಿ ಬಂದು ಕೂತಿದೆ.”

“ಬಾಯಿ ಮುಚ್ಚಿದ ಗುಣ ಹೊರಗೆ ಕಾಣಬೇಕಾದರೆ ಎರಡೂ ಕಡೆಯಿಂದ ಬಂದಿರಬೇಕು, ಅತ್ತೆ.” (ಕಣ್ಣಿನ ಬಣ್ಣಕ್ಕೆ ಹಲವು ವಂಶವಾಹಿಗಳು ಕೈಹಾಕುತ್ತವೆ, ಅದು ಬಟಾಣಿಯಷ್ಟು ಸಲೀಸಲ್ಲ. ಆ ಮಾತನ್ನು ಅಲ್ಲಿ ಎತ್ತಲಿಲ್ಲ.)

ಬೀಗಿತ್ತಿ ನಕ್ಕರು. ಅತ್ತೆ ನನ್ನ ಕಡೆ ತಿರುಗಿದರು. “ನಿನಗೆ ಕೆಂಪು ಹಸಿರು ಗೊತ್ತಾಗಲ್ವಲ್ಲ, ಅದು ಯಾರ ಕಡೆಯದೋ? ನಿಮ್ಮಮ್ಮನ ಕಡೆಯದೇ!”

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆ ದೋಷದ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನ ಮೇಲೆ. ಗಂಡುಮಕ್ಕಳಿಗೆ ಎಕ್ಸ್ ಬರುವುದು ತಾಯಿಯಿಂದ ಮಾತ್ರ, ಅಪ್ಪ ಕೊಡುವುದು ವೈ. ವಿಜ್ಞಾನವೂ ಅತ್ತೆಯ ಪಕ್ಷ ಸೇರಿತ್ತು.

ಅತ್ತೆಗೆ ಮಕ್ಕಳಿಲ್ಲ. ನಮ್ಮಪ್ಪ ತೀರಿಕೊಂಡ ಮೇಲೆ ಈ ಹುಡುಕಾಟ ಜೋರಾಗಿದೆ. ಯಾರ ಮನೆಯ ಕೂಸನ್ನು ಎತ್ತಿಕೊಂಡರೂ ಮೊದಲು ನೋಡುವುದು ಹುಬ್ಬು, ಅಣ್ಣನದರಂತೆ ಕೂಡಿದೆಯೇ ಎಂದು. ಮೊಮ್ಮಕ್ಕಳಲ್ಲಿ ಅಜ್ಜನ ಪಾಲು ಸರಾಸರಿ ಕಾಲುಭಾಗ ಎಂದು ಲೆಕ್ಕ ಹೇಳಿದರೆ ಕೇಳಿಸದವರಂತೆ ಇರುತ್ತಾರೆ. ಅವರಿಗೆ ಪೂರ್ತಿ ಅಣ್ಣನೇ ಬೇಕು.

ಕಳೆದ ವರ್ಷ ನಮ್ಮ ಚಿಕ್ಕಪ್ಪನ ಮಗನೂ ಅವನ ಹೆಂಡತಿಯೂ ಒಂದು ಮಗುವನ್ನು ದತ್ತು ತಂದರು. ಅತ್ತೆ ಕನ್ನಡಕ ಒರೆಸಿ ಹಾಕಿಕೊಂಡು ಬಹಳ ಹೊತ್ತು ನೋಡಿದರು. “ನೋಡ್ರೋ, ನಮ್ಮಣ್ಣನ ಹುಬ್ಬೇ!” ಎಂದರು. ಅಷ್ಟರಲ್ಲಿ ಮಗು ಸೂರು ಹಾರುವಂತೆ ಕಿರುಚಿತು.

“ಗಂಟಲು ಮಾತ್ರ ಸೊಸೆ ಕಡೆಯದು.”